ಗ್ರೇಡಿಂಗ್‌ಗೆ ಕಾರ್ಡ್ ಕಳಿಸುವಾಗ ಎಷ್ಟು ಮೊತ್ತಕ್ಕೆ ವಿಮೆ ಮಾಡಿಸಬೇಕು: ಒಂದು ಸಮಗ್ರ ಮಾರ್ಗದರ್ಶಿ

ಗ್ರೇಡಿಂಗ್ ಎಂದರೆ ಕ್ರೀಡೆಯ ಅಥವಾ ಆಟದ ಸಂಗ್ರಹ ಕಾರ್ಡಿನ ಸ್ಥಿತಿಯನ್ನು ಕಂಪನಿಯೊಂದು ಪರೀಕ್ಷಿಸಿ, ಹತ್ತರ ತನಕದ ಅಂಕ ಕೊಟ್ಟು, ಸ್ಲ್ಯಾಬ್ ಎಂಬ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಕಿಕೊಡುವುದು. ಗ್ರೇಡಿಂಗ್‌ಗೆ ಕಾರ್ಡ್ ಕಳಿಸುವಾಗ ಅದರ ಬೆಲೆಯನ್ನು ಎರಡು ಕಡೆ ಬರೆಯಬೇಕಾಗುತ್ತದೆ: ಗ್ರೇಡಿಂಗ್ ಕಂಪನಿಯ ಫಾರ್ಮಿನಲ್ಲಿ ಒಮ್ಮೆ, ಅಂಚೆ ಕಚೇರಿಯ ಕೌಂಟರಿನಲ್ಲಿ ಇನ್ನೊಮ್ಮೆ. ಎರಡೂ ಕಡೆ ಒಂದೇ ಅಂಕಿ ಬರೆದುಬಿಡುವುದು ತುಂಬ ಜನ ಮಾಡುವ ತಪ್ಪು. ಮನೆಯಿಂದ ಹೊರಡುವಾಗ ಕಾರ್ಡಿಗೆ ಒಂದು ಬೆಲೆ, ಸ್ಲ್ಯಾಬಿನೊಳಗೆ ಕೂತು ವಾಪಸ್ ಬರುವಾಗ ಇನ್ನೊಂದು. ಇದನ್ನು ಗಮನಿಸದೆ ಹೋಗುವಾಗ ಬೇಕಿಲ್ಲದಷ್ಟು ವಿಮೆಗೆ ದುಡ್ಡು ಸುರಿದು, ಬರುವಾಗ ವಿಮೆ ಸಾಲದೆ ಕೈಸುಟ್ಟುಕೊಳ್ಳುವವರು ಬಹಳ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಅಮೆರಿಕದೊಳಗಿನ ರವಾನೆಗೆ ಸಂಬಂಧಿಸಿದ್ದು, ಏಕೆಂದರೆ ಹೆಸರಾಂತ ಗ್ರೇಡಿಂಗ್ ಕಂಪನಿಗಳು ಇರುವುದು ಅಲ್ಲೇ. ಪಿಎಸ್‌ಎ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿದೆ, ಸಿಜಿಸಿ ಫ್ಲೋರಿಡಾದ ಸಾರಸೋಟಾದಲ್ಲಿ, ಎಸ್‌ಜಿಸಿ ಅದೇ ರಾಜ್ಯದ ಬೋಕಾ ರಟೋನ್‌ನಲ್ಲಿ, ಬೆಕೆಟ್ ಟೆಕ್ಸಸ್‌ನಲ್ಲಿ. ಮಕ್ಕಳ ಪೋಕೆಮಾನ್ ಬೈಂಡರಿನಲ್ಲಿ ಬೆಲೆಬಾಳುವ ಕಾರ್ಡ್ ಕಂಡು ಕಳಿಸಲು ಹೊರಟ ಅಲ್ಲಿನ ಕನ್ನಡದ ಮನೆಗಳಿಗೂ, ಬೆಂಗಳೂರಿನಿಂದ ಕಳಿಸುವವರಿಗೂ ಲೆಕ್ಕದ ಬುನಾದಿ ಒಂದೇ. ಭಾರತದಿಂದ ಕಳಿಸುವಾಗಿನ ವ್ಯತ್ಯಾಸಗಳು ಕೊನೆಗೆ ಬರುತ್ತವೆ.

ಮೂರು ಬೆಲೆಗಳನ್ನು ಬೇರೆ ಬೇರೆ ಇಡಿ

ಮೊದಲನೆಯದು ಹೋಗುವ ಬೆಲೆ. ಗ್ರೇಡ್ ಆಗದ ಕಾರ್ಡ್, ಅಂದರೆ ರಾ ಕಾರ್ಡ್, ಈಗ ಇರುವ ಸ್ಥಿತಿಯಲ್ಲಿ ಇವತ್ತು ಎಷ್ಟಕ್ಕೆ ಮಾರುತ್ತದೋ ಅಷ್ಟು. ಅಂಚೆಯ ವಿಮೆ ಕೊಡುವುದು ವಸ್ತುವಿಗೆ ಕಳಿಸಿದ ಹೊತ್ತಿನಲ್ಲಿ ಇದ್ದ ನಿಜವಾದ ಬೆಲೆಯನ್ನು, ಅದೂ ದಾಖಲೆಯಲ್ಲಿ ತೋರಿಸಿದರೆ ಮಾತ್ರ. 200 ಡಾಲರಿನ ರಾ ಕಾರ್ಡಿಗೆ ಹತ್ತು ಬಂದರೆ 2,000 ಆಗುತ್ತದೆಂದು ಹೋಗುವಾಗಲೇ 2,000ಕ್ಕೆ ವಿಮೆ ಮಾಡಿಸಿದರೂ ಕಳೆದುಹೋದಾಗ ಕೈಗೆ ಬರುವುದು 200. ಮಿಕ್ಕ 1,800ಕ್ಕೆ ಕಟ್ಟಿದ ಪ್ರೀಮಿಯಂ ಹೊಳೆಯಲ್ಲಿ ಹಿಂಡಿದ ಹುಣಸೆಹಣ್ಣು.

ಎರಡನೆಯದು ಗ್ರೇಡಿಂಗ್ ಫಾರ್ಮಿನಲ್ಲಿ ಬರೆಯುವ ಡಿಕ್ಲೇರ್ಡ್ ವ್ಯಾಲ್ಯೂ, ಅಂದರೆ ಘೋಷಿತ ಮೌಲ್ಯ. ಗ್ರೇಡ್ ಆದ ಮೇಲೆ ಕಾರ್ಡ್ ಎಷ್ಟು ಬಾಳಬಹುದು ಎಂಬ ಅಂದಾಜನ್ನು ಪಿಎಸ್‌ಎ ಇಲ್ಲಿ ಕೇಳುತ್ತದೆ. ಸೇವಾ ಹಂತ (ಎಷ್ಟು ಶುಲ್ಕಕ್ಕೆ ಎಷ್ಟು ಬೇಗ ಗ್ರೇಡ್ ಮಾಡಿಕೊಡುತ್ತಾರೆ ಎಂಬುದು), ಅವರ ಬಳಿ ಇರುವಾಗ ಕಾರ್ಡಿಗೆ ಸಿಗುವ ರಕ್ಷಣೆ, ವಾಪಸ್ ಕಳಿಸುವಾಗಿನ ವಿಮೆ, ಮೂರಕ್ಕೂ ಈ ಅಂಕಿಯೇ ಆಧಾರ. ಬೇರೆ ಕಂಪನಿಗಳ ವ್ಯಾಖ್ಯೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಆ ಖಾನೆಯ ಪಕ್ಕದ ವಿವರಣೆಯನ್ನು ಪ್ರತಿ ಸಲವೂ ಓದಿ.

ಮೂರನೆಯದು ಮರಳುವ ಬೆಲೆ: ನಿಜಕ್ಕೂ ಬಂದ ಗ್ರೇಡಿನಲ್ಲಿ ಸ್ಲ್ಯಾಬ್ ಎಷ್ಟಕ್ಕೆ ಹೋಗುತ್ತದೆ ಎಂಬುದು. ಗ್ರೇಡ್ ಹೊರಬೀಳುವ ತನಕ ಇದು ಗೊತ್ತಾಗುವುದಿಲ್ಲ, ಆದರೆ ಅತಿ ದೊಡ್ಡ ನಷ್ಟದ ಸಾಧ್ಯತೆ ಇರುವುದು ಈ ಪ್ರಯಾಣದಲ್ಲೇ.

ಈಗಾಗಲೇ ಸ್ಲ್ಯಾಬಿನಲ್ಲಿರುವ ಕಾರ್ಡನ್ನು ಹೊಸ ಪೆಟ್ಟಿಗೆಗೋ ಬೇರೆ ಕಂಪನಿಯ ಗ್ರೇಡಿಗೋ ಕಳಿಸುತ್ತಿದ್ದರೆ ಹೋಗುವ ಬೆಲೆಯೇ ಗ್ರೇಡ್ ಆದ ಬೆಲೆ. ಅಲ್ಲಿ ಗೊಂದಲ ಇಲ್ಲ.

ಹೋಗುವ ಬೆಲೆ ಕಂಡುಹಿಡಿಯುವುದು

ಮಾರಾಟಕ್ಕೆ ಇಟ್ಟಿರುವ ಬೆಲೆಗಳನ್ನು ನೋಡಬೇಡಿ. ಕೇಳುವವರು ಎಷ್ಟಾದರೂ ಕೇಳಬಹುದು, ಲೆಕ್ಕಕ್ಕೆ ಬರುವುದು ಮಾರಿದ ಬೆಲೆ. ಸಂಗ್ರಾಹಕರು ಇದನ್ನೇ ಕಾಂಪ್ಸ್ ಎನ್ನುತ್ತಾರೆ. ಇಬೇಯಲ್ಲಿ ಮಾರಾಟವಾದವುಗಳ ಫಿಲ್ಟರ್ ಹಾಕಿ. ಬೆಸ್ಟ್ ಆಫರ್‌ನಲ್ಲಿ ಕುದುರಿದ ನಿಜವಾದ ಮೊತ್ತ ಇಬೇಯಲ್ಲಿ ಕಾಣುವುದಿಲ್ಲ, ಅದಕ್ಕೆ 130ಪಾಯಿಂಟ್ ತಾಣ ಬಳಸಿ. ಪೋಕೆಮಾನ್, ಮ್ಯಾಜಿಕ್‌ನಂಥ ಆಟದ ಕಾರ್ಡುಗಳಿಗೆ ಟಿಸಿಜಿಪ್ಲೇಯರ್ ಮತ್ತು ಪ್ರೈಸ್‌ಚಾರ್ಟಿಂಗ್, ಗ್ರೇಡ್ ಆದವಕ್ಕೆ ಪಿಎಸ್‌ಎಯದೇ ಹರಾಜು ಬೆಲೆಗಳ ಪಟ್ಟಿ ಇದೆ.

ಕಳೆದ 30 ದಿನಗಳಲ್ಲಿ ನಿಮ್ಮ ಕಾರ್ಡಿನ ಸ್ಥಿತಿಗೆ ಹತ್ತಿರವಾದ ಐದು ಮಾರಾಟ ಆರಿಸಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರರಲ್ಲಿ ನಡುವಿನದನ್ನು ಹಿಡಿಯಿರಿ. ಆ ಪುಟಗಳ ಸ್ಕ್ರೀನ್‌ಶಾಟನ್ನು ತಾರೀಖು ಕಾಣುವಂತೆ ಕಳಿಸುವ ದಿನವೇ ತೆಗೆದಿಡಿ. ಕ್ಲೇಮ್ ಹಾಕುವ ಹೊತ್ತಿಗೆ ಆ ಪುಟಗಳು ಅಳಿಸಿಹೋಗಿರಬಹುದು.

ಹಳೆಯ ಬೆಲೆ ಏಕೆ ಕೂಡದು ಎನ್ನುವುದಕ್ಕೆ ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್‌ನ 1986ರ ಫ್ಲೀರ್ ಕಂಪನಿಯ ಕಾರ್ಡಿಗಿಂತ ಒಳ್ಳೆಯ ಉದಾಹರಣೆ ಸಿಗದು. 2021ರ ಜನವರಿ ಕೊನೆಯಲ್ಲಿ ಪಿಎಸ್‌ಎ 10ರ ಪ್ರತಿ 7,38,000 ಡಾಲರಿಗೆ ಹರಾಜಾಯಿತು. ಕೆಲವೇ ತಿಂಗಳಲ್ಲಿ ಅದೇ ಗ್ರೇಡಿನ ಪ್ರತಿ ಅದರ ಅರ್ಧಕ್ಕೂ ಕಡಿಮೆಗೆ ಮಾರಿತು. ಏರುವಾಗಲೂ ಹೀಗೆಯೇ: ಆರು ತಿಂಗಳ ಹಿಂದಿನ ಅಂಕಿ ಹಿಡಿದು ವಿಮೆ ಮಾಡಿಸಿದರೆ ಅರ್ಧ ಬೆಲೆಯಷ್ಟೇ ರಕ್ಷಣೆಯಲ್ಲಿರಬಹುದು.

ಹೋಲಿಸಲು ಮಾರಾಟವೇ ಇಲ್ಲದ ಕಾರ್ಡುಗಳದ್ದು ಬೇರೆ ಕಷ್ಟ. ಒಂದೇ ಒಂದು ಮುದ್ರಣವಾದ ಸಹಿ ಕಾರ್ಡಿಗೆ ಕಾಂಪ್ಸ್ ಎಲ್ಲಿಂದ ಬರಬೇಕು? ಅದೇ ಆಟಗಾರನ, ಅದೇ ಸೆಟ್ಟಿನ, 5 ಅಥವಾ 10 ಪ್ರತಿಗಳ ಕಾರ್ಡ್ ಎಷ್ಟಕ್ಕೆ ಹೋಯಿತೆಂದು ನೋಡಿ. ಅದೇ ಸೆಟ್ಟಿನ ಇನ್ನೊಬ್ಬ ಸಮಾನ ಆಟಗಾರನಲ್ಲಿ 10 ಪ್ರತಿಯದಕ್ಕೂ ಒಂಟಿ ಪ್ರತಿಯದಕ್ಕೂ ಎಷ್ಟು ಪಟ್ಟು ವ್ಯತ್ಯಾಸ ಇದೆಯೆಂದು ಲೆಕ್ಕ ಹಾಕಿ, ಅದೇ ಪಟ್ಟನ್ನು ಇಲ್ಲಿಗೂ ಅನ್ವಯಿಸಿ. ಇದು ಅಂದಾಜು, ಪುರಾವೆಯಲ್ಲ. ಹಾಗಾಗಿ ಕಳಿಸುವ ಮೊದಲೇ ಅನುಭವಿ ಡೀಲರ್ ಒಬ್ಬರಿಂದ ಲೆಟರ್‌ಹೆಡ್ಡಿನ ಮೇಲೆ, ತಾರೀಖು ಹಾಕಿಸಿ, ಮೌಲ್ಯದ ಪತ್ರ ಬರೆಸಿಕೊಳ್ಳಿ. ಕಳೆದುಹೋದ ಮೇಲೆ ಬರೆಸಿದ ಪತ್ರಕ್ಕೆ ಆ ತೂಕ ಇರುವುದಿಲ್ಲ.

ಘೋಷಿತ ಮೌಲ್ಯ: ಆಸೆ ಬೇರೆ, ಅಂದಾಜು ಬೇರೆ

ಗ್ರೇಡ್ ಎಷ್ಟು ಬರಬಹುದೆಂದು ಊಹಿಸದೆ ಈ ಅಂಕಿ ಬರೆಯಲಾಗದು, ಊಹಿಸಬೇಕಾದರೆ ಕಾರ್ಡನ್ನು ಅಳೆಯಲೇಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಮಿಲಿಮೀಟರ್ ಸ್ಕೇಲ್, ಒಂದು ಟೇಬಲ್ ಲ್ಯಾಂಪ್ ಸಾಕು. ಮೊದಲು ಸೆಂಟರಿಂಗ್, ಅಂದರೆ ಚಿತ್ರ ಅಂಚುಗಳ ನಡುವೆ ಎಷ್ಟು ಸರಿಯಾಗಿ ಕೂತಿದೆ ಎಂಬುದು: ಎಡ ಅಂಚು 1.5 ಮಿ.ಮೀ., ಬಲ ಅಂಚು 2.3 ಮಿ.ಮೀ. ಇದೆ ಎನ್ನಿ. ಒಟ್ಟು 3.8ರಲ್ಲಿ 2.3 ಎಂದರೆ ಶೇ. 60ಕ್ಕೂ ತುಸು ಹೆಚ್ಚು. ಪಿಎಸ್‌ಎ 10ಕ್ಕೆ ಮುಂಭಾಗದಲ್ಲಿ ಸುಮಾರು 55/45ರೊಳಗೆ ಇರಬೇಕು. ಉಳಿದೆಲ್ಲ ಹೊಳೆಯುತ್ತಿದ್ದರೂ ಈ ಕಾರ್ಡಿಗೆ ಹತ್ತರ ಬೆಲೆ ಬರೆಯುವುದರಲ್ಲಿ ಅರ್ಥವಿಲ್ಲ. ಆಮೇಲೆ ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ನೇರ ನೋಡಿದಾಗ ಕಾಣದ ಕೂದಲೆಳೆಯಂಥ ಗೀರು, ಮುದ್ರಣದ ರೋಲರ್ ಗೆರೆ, ಬೆರಳಿನ ಕಲೆ ಆಗ ಎದ್ದು ಬರುತ್ತವೆ. ಹಿಂಬದಿಯ ನಾಲ್ಕು ಮೂಲೆಗಳಲ್ಲಿ ಸಾಸಿವೆಯ ಸಿಪ್ಪೆಯಷ್ಟು ಬಿಳಿ ಎದ್ದಿದ್ದರೂ ಒಂಬತ್ತೇ ಕಷ್ಟ.

ಈಗ ಲೆಕ್ಕ. ಕೆಳಗಿನ ಬೆಲೆಗಳು ಉದಾಹರಣೆಗೆ ಇಟ್ಟುಕೊಂಡವು, ಡಾಲರುಗಳಲ್ಲಿವೆ:

ಕಾರ್ಡ್ ಅ: ರಾ 220, ಎಂಟು ಬಂದರೆ 200, ಒಂಬತ್ತಕ್ಕೆ 420, ಹತ್ತಕ್ಕೆ 1,900.
ಕಾರ್ಡ್ ಬ: ರಾ 90, ಒಂಬತ್ತಕ್ಕೆ 110, ಹತ್ತಕ್ಕೆ 380.
ಕಾರ್ಡ್ ಕ: ರಾ 1,100, ಏಳಕ್ಕೆ 1,000, ಎಂಟಕ್ಕೆ 1,600, ಒಂಬತ್ತಕ್ಕೆ 4,500.

ಅ ಮತ್ತು ಬ ಪರೀಕ್ಷೆಯಲ್ಲಿ ಒಂಬತ್ತರಂತೆ ಕಂಡರೆ 420 ಮತ್ತು 110 ಬರೆಯಿರಿ. ಹತ್ತು ಬರುವ ಸಣ್ಣ ಸಾಧ್ಯತೆಯನ್ನು ಇದರಲ್ಲಿ ಬೆರೆಸಬೇಡಿ. ಕ ಕಾರ್ಡ್ ಏಳೋ ಎಂಟೋ ಎಂದು ಹೇಳಲಾಗುತ್ತಿಲ್ಲ, ಒಂಬತ್ತು ಬಂದರೂ ಬರಬಹುದು ಎಂಬಂತಿದೆ ಎನ್ನಿ. ಹೀಗೆ ತೂಗುಯ್ಯಾಲೆಯಲ್ಲಿರುವ ದುಬಾರಿ ಕಾರ್ಡಿಗೆ ಸಾಧ್ಯತೆಗಳನ್ನು ಹಂಚಿ ನೋಡುವುದು ಸರಿ: ಏಳಕ್ಕೆ ಶೇ. 50, ಎಂಟಕ್ಕೆ 40, ಒಂಬತ್ತಕ್ಕೆ 10. ಆಗ 500, 640, 450 ಸೇರಿ 1,590. ಎಂಟರ ಬೆಲೆಗೆ ಹತ್ತಿರವೇ ಬಂತು, 1,600 ಬರೆಯಿರಿ.

ಎಡವುವುದು ಇಲ್ಲೇ. ಪಿಎಸ್‌ಎಯ ಪ್ರತಿ ಸೇವಾ ಹಂತಕ್ಕೂ ಘೋಷಿತ ಮೌಲ್ಯದ ಗರಿಷ್ಠ ಮಿತಿ ಇದೆ. ಇತ್ತೀಚಿನ ವರ್ಷಗಳಲ್ಲಿ ರೆಗ್ಯುಲರ್‌ಗೆ 1,500, ಎಕ್ಸ್‌ಪ್ರೆಸ್‌ಗೆ 2,500, ಸೂಪರ್ ಎಕ್ಸ್‌ಪ್ರೆಸ್‌ಗೆ 5,000, ವಾಕ್-ಥ್ರೂಗೆ 10,000 ಡಾಲರ್ ಎಂದಿದೆ. ದರ ಮತ್ತು ಮಿತಿಗಳನ್ನು ಅವರು ಆಗಾಗ ಬದಲಿಸುವುದರಿಂದ ಫಾರ್ಮ್ ತುಂಬುವ ದಿನದ ಪಟ್ಟಿಯನ್ನೇ ನೋಡಿ. ಕ ಕಾರ್ಡಿಗೆ 1,600ರ ಬದಲು 1,500 ಬರೆದು ರೆಗ್ಯುಲರ್‌ನಲ್ಲೇ ನೂಕಿಬಿಡೋಣ ಎಂಬ ಆಸೆ ಹುಟ್ಟುವುದು ಸಹಜ, ಆದರೆ ಇದು ಉಳಿತಾಯವಲ್ಲ. ಗ್ರೇಡ್ ಆದ ಮೇಲಿನ ಬೆಲೆ ಆ ಹಂತದ ಮಿತಿ ಮೀರಿದರೆ ಮುಂದಿನ ಹಂತದ ಶುಲ್ಕವನ್ನು ಅಪ್‌ಚಾರ್ಜ್ ಎಂದು ಹೇಗೂ ವಸೂಲಿ ಮಾಡುತ್ತಾರೆ. ನಡುವೆ ಕಾರ್ಡಿಗೆ ಏನಾದರೂ ಆದರೆ ನೀವೇ ಬರೆದ ಅಂಕಿ ನಿಮ್ಮ ಕೈ ಕಟ್ಟುತ್ತದೆ, ಏಕೆಂದರೆ ಸಾಮಾನ್ಯವಾಗಿ ಕಂಪನಿಯ ಹೊಣೆಯ ಮಿತಿಯೂ ಘೋಷಿತ ಮೌಲ್ಯಕ್ಕೇ ಅಂಟಿಕೊಂಡಿರುತ್ತದೆ.

ಅಪ್‌ಚಾರ್ಜಿಗೆ ಹೆದರಿ ಕಡಿಮೆ ಬರೆಯುವುದನ್ನು ಮೊದಲು ಬಿಡಿ. ಅದು ಬರುವುದು ಕಾರ್ಡ್ ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬಾಳಿದಾಗ ಮಾತ್ರ. ಕಾರ್ಡ್ ಅ 420ರಿಂದ 1,900ಕ್ಕೆ ಏರಿದ ದಿನ ಆ ಶುಲ್ಕ ಕಟ್ಟುವುದರಲ್ಲಿ ಬೇಸರಕ್ಕೆ ಕಾರಣವಿಲ್ಲ.

ಎಷ್ಟು ಮೊತ್ತಕ್ಕೆ ಯಾವ ದಾರಿ

ವಿಮೆ ಕಾರ್ಡಿಗಲ್ಲ, ಪಾರ್ಸೆಲಿಗೆ. ಹಾಗಾಗಿ ಡಬ್ಬದೊಳಗಿನ ಎಲ್ಲ ಕಾರ್ಡುಗಳ ರಾ ಬೆಲೆ ಕೂಡಿಸಿ. ಮೇಲಿನ ಮೂರಕ್ಕೆ 220, 90, 1,100 ಸೇರಿ 1,410. ಮುಂದಿನ ನೂರಕ್ಕೆ ಏರಿಸಿ 1,500 ಡಾಲರಿಗೆ ವಿಮೆ ಮಾಡಿಸಿದರೆ ಸಾಕು.

ಅಮೆರಿಕದ ಅಂಚೆಯಲ್ಲಿ ಪ್ರಯಾರಿಟಿ ಮೇಲ್ ಮತ್ತು ಗ್ರೌಂಡ್ ಅಡ್ವಾಂಟೇಜ್ ಎಂಬ ಎರಡು ಪಾರ್ಸೆಲ್ ಸೇವೆಗಳಿಗೂ 100 ಡಾಲರ್ ವಿಮೆ ದರದಲ್ಲೇ ಸೇರಿರುತ್ತದೆ. ಅದಕ್ಕೆ ಮೇಲೆ 5,000 ತನಕ ಹೆಚ್ಚುವರಿ ವಿಮೆ ಕೊಳ್ಳಬಹುದು. 500 ದಾಟಿದರೆ ವಿತರಣೆಯ ವೇಳೆ ಸಹಿ ಪಡೆಯಲಾಗುತ್ತದೆ. 5,000 ದಾಟಿದರೆ ರಿಜಿಸ್ಟರ್ಡ್ ಮೇಲ್, ಅದರ ಮಿತಿ 50,000.

ರಿಜಿಸ್ಟರ್ಡ್ ಮೇಲ್ ನಿಧಾನ, ಆದರೆ ಅದರಷ್ಟು ಭದ್ರವಾದದ್ದು ಅಂಚೆಯಲ್ಲಿ ಇನ್ನೊಂದಿಲ್ಲ. ಕೈ ಬದಲಾದ ಕಡೆಯೆಲ್ಲ ಸಹಿ, ರಾತ್ರಿ ಬೀಗದೊಳಗೆ. 1958ರ ನವೆಂಬರಿನಲ್ಲಿ ವಜ್ರದ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಹೋಪ್ ವಜ್ರವನ್ನು, ಗೋಲ್ಕೊಂಡದ ಸೀಮೆಯಲ್ಲಿ ಹುಟ್ಟಿದ ಆ ನೀಲಿ ಹರಳನ್ನು, ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕಳಿಸಿದ್ದು ರಿಜಿಸ್ಟರ್ಡ್ ಅಂಚೆಯಲ್ಲೇ. ಒಟ್ಟು ಖರ್ಚು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆ ದರ ಬರೀ 2 ಡಾಲರ್ 44 ಸೆಂಟ್, ಮಿಕ್ಕಿದ್ದು 10 ಲಕ್ಷ ಡಾಲರಿನ ವಿಮೆಗೆ.

ಈ ದಾರಿಯಲ್ಲಿ ಕೌಂಟರಿನಿಂದ ವಾಪಸ್ ಬರುವವರು ಹೆಚ್ಚಾಗಿ ಟೇಪಿನಿಂದಾಗಿ ಬರುತ್ತಾರೆ. ಡಬ್ಬದ ಪ್ರತಿ ಸಂದಿನ ಮೇಲೂ, ಅರ್ಧ ಟೇಪಿಗೆ ಅರ್ಧ ರಟ್ಟಿಗೆ ಬೀಳುವಂತೆ ಗುಮಾಸ್ತರು ದುಂಡನೆಯ ಮೊಹರು ಒತ್ತುತ್ತಾರೆ. ಯಾರಾದರೂ ಟೇಪ್ ಎತ್ತಿ ಮತ್ತೆ ಅಂಟಿಸಿದರೆ ಆ ವೃತ್ತ ಕೂಡಿಕೊಳ್ಳುವುದಿಲ್ಲ, ಕಳ್ಳತನ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಟೇಪಿನ ಮೇಲೆ ಶಾಯಿ ನಿಲ್ಲದೆ ಒರೆಸಿಹೋಗುತ್ತದೆ, ಅದಕ್ಕೇ ಒಪ್ಪುವುದಿಲ್ಲ. ನೀರು ಸೋಕಿಸಿ ಅಂಟಿಸುವ ಕಂದು ಕಾಗದದ ಟೇಪ್, ಹೊಳಪಿಲ್ಲದ ಕಂದು ರಟ್ಟಿನ ಡಬ್ಬ ತನ್ನಿ. ಸಂದುಗಳನ್ನೆಲ್ಲ, ಡಬ್ಬದ ಕೆಳಗಿನವನ್ನೂ ಸೇರಿಸಿ, ಮುಚ್ಚಿ.

ಖಾಸಗಿ ಕೊರಿಯರುಗಳಲ್ಲಿ ಎಚ್ಚರ ಬೇಕು. ಅವರು ಘೋಷಿತ ಮೌಲ್ಯ ಎಂದು ಹಣ ಕಟ್ಟಿಸಿಕೊಳ್ಳುವುದು ವಿಮೆಯಲ್ಲ, ಅವರ ಹೊಣೆಯ ಮಿತಿ ಅಷ್ಟೇ. ಫೆಡೆಕ್ಸ್‌ನ ನಿಯಮಪುಸ್ತಕದಲ್ಲಿ ನಾಣ್ಯ, ಅಂಚೆಚೀಟಿ, ಕ್ರೀಡಾ ಕಾರ್ಡುಗಳಂಥ ಸಂಗ್ರಹ ವಸ್ತುಗಳಿಗೆ ಈ ಮಿತಿ 1,000 ಡಾಲರ್. 8,000 ಎಂದು ಬರೆದು ಅದಕ್ಕೆ ತಕ್ಕ ದುಡ್ಡು ಕಟ್ಟಿದರೂ ಮಿತಿ ಬದಲಾಗುವುದಿಲ್ಲ. ಶಿಪ್ಪಿಂಗ್ ತಾಣಗಳು ಮಾರುವ ಮೂರನೆಯವರ ವಿಮೆಯಲ್ಲಿ ಹೊರಗಿಟ್ಟ ವಸ್ತುಗಳ ಪಟ್ಟಿ ಇರುತ್ತದೆ. ಟ್ರೇಡಿಂಗ್ ಕಾರ್ಡ್ ಅದರಲ್ಲಿದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಸಂಗ್ರಾಹಕರಿಗೆಂದೇ ಇರುವ ವಾರ್ಷಿಕ ಪಾಲಿಸಿ ಇದ್ದರೆ ಅದರಲ್ಲಿ ಸಾಗಣೆಗೆ ಪಾರ್ಸೆಲಿಗೆ ಎಷ್ಟು ಮಿತಿ, ಯಾವ ಸೇವೆಯಲ್ಲಿ ಕಳಿಸಿದರೆ ಅದು ಅನ್ವಯಿಸುತ್ತದೆ ಎಂದು ಬರಹದಲ್ಲಿ ಕೇಳಿ.

50,000 ಮೀರಿದರೆ ಎರಡು ಪಾರ್ಸೆಲ್ ಮಾಡಿ ಬೇರೆ ಬೇರೆ ದಿನ ಕಳಿಸಿ. ಒಂದೇ ಕಾರ್ಡ್ ಅಷ್ಟು ಬಾಳಿದರೆ ದೊಡ್ಡ ಕಾರ್ಡ್ ಮೇಳಗಳಲ್ಲಿ ಗ್ರೇಡಿಂಗ್ ಕಂಪನಿಯ ಮಳಿಗೆಗೆ ಕೈಯಾರೆ ಕೊಡುವುದೇ ಮೇಲು.

ಪ್ಯಾಕಿಂಗ್ ಮತ್ತು ಪುರಾವೆ

ಪ್ಯಾಕಿಂಗ್ ಸರಿಯಿಲ್ಲದೆ ಆದ ಹಾನಿಗೆ ಅಂಚೆ ಪರಿಹಾರ ಕೊಡುವುದಿಲ್ಲ, ಆದ್ದರಿಂದ ಇದೂ ವಿಮೆಯ ಭಾಗವೇ. ಪ್ರತಿ ಕಾರ್ಡಿಗೆ ಪೆನ್ನಿ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಕವರ್, ಅದರ ಮೇಲೆ ಕಾರ್ಡ್ ಸೇವರ್ 1ರಂಥ ಅರೆಗಟ್ಟಿ ಹೋಲ್ಡರ್. ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್ ಬೇಡ, ಅದರಿಂದ ಹೊರತೆಗೆಯುವಾಗ ಮೂಲೆ ತಾಗುತ್ತದೆ. ಫಾರ್ಮಿನ ಕ್ರಮದಲ್ಲೇ ಜೋಡಿಸಿ, ಹೋಲ್ಡರುಗಳಿಗಿಂತ ತುಸು ದೊಡ್ಡದಾದ ಎರಡು ರಟ್ಟಿನ ನಡುವೆ ಇಟ್ಟು, ಬಾಗದಷ್ಟು ಮಾತ್ರ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿ. ಬಬಲ್ ರ‍್ಯಾಪ್ ಸುತ್ತಿ ಡಬ್ಬದಲ್ಲಿಡಿ, ಲಕೋಟೆಯಲ್ಲಿ ಅಲ್ಲ. ಅಲ್ಲಾಡಿಸಿದರೆ ಒಳಗೆ ಸದ್ದಾಗಬಾರದು. ಹೊರಗೆ ಎಲ್ಲೂ ಕಾರ್ಡ್, ಪೋಕೆಮಾನ್ ಎಂಬ ಪದಗಳು ಬೇಡ.

ಪ್ರತಿ ಕಾರ್ಡಿನ ಮುಂದೆ ಹಿಂದೆ ಫೋಟೊ ತೆಗೆಯಿರಿ. ಕಾರ್ಡುಗಳನ್ನು ತೋರಿಸುವುದರಿಂದ ಹಿಡಿದು ಟೇಪ್ ಹಚ್ಚುವ ತನಕ ಕತ್ತರಿಸದ ಒಂದೇ ವಿಡಿಯೊ ಮಾಡಿ. ಕೌಂಟರಿನಲ್ಲಿ ತೂಕ ಮಾಡಿಸಿ, ತೂಕ ಮುದ್ರಿತವಾದ ರಸೀದಿ ಕೇಳಿ ಪಡೆಯಿರಿ. ಡಬ್ಬ ತಲುಪಿ ಒಳಗೆ ಕಾರ್ಡ್ ಇಲ್ಲ ಎಂಬ ದೂರು ಬಂದಾಗ ಆ ಔನ್ಸುಗಳೇ ನಿಮ್ಮ ಪರ ಮಾತಾಡುವುದು.

ಗಡುವಿನ ವಿಷಯ ತುಂಬ ಜನರ ಗಮನಕ್ಕೇ ಬರುವುದಿಲ್ಲ. ವಿಮೆ ಮಾಡಿಸಿದ ಅಂಚೆಗೆ ಕ್ಲೇಮನ್ನು ಕಳಿಸಿದ ದಿನದಿಂದ 60 ದಿನಗಳೊಳಗೆ ಹಾಕಬೇಕು. ಕಳೆದುಹೋದದ್ದಕ್ಕೆ ಸಾಮಾನ್ಯವಾಗಿ 15 ದಿನ ಕಾಯಬೇಕು, ಹಾನಿಗೆ ಕಾಯಬೇಕಿಲ್ಲ. ಆದರೆ ಗ್ರೇಡಿಂಗ್ ಕಂಪನಿಯಲ್ಲಿ ದಟ್ಟಣೆ ಇದ್ದರೆ ಡಬ್ಬ ತಲುಪಿಯೂ ವಾರಗಟ್ಟಲೆ ತೆರೆಯದೆ ಕೂತಿರುತ್ತದೆ. ವಿತರಣೆಯಾಗಿದೆ ಎಂದು ನೀವು ನಿಶ್ಚಿಂತೆಯಿಂದಿರುತ್ತೀರಿ, ತೆರೆದಾಗ ಒಂದು ಕಾರ್ಡ್ ಬಾಗಿದೆ ಎಂದು ಗೊತ್ತಾಗುವ ಹೊತ್ತಿಗೆ 60 ದಿನ ಮುಗಿದಿರುತ್ತದೆ. ಕಳಿಸಿದ ದಿನವೇ ಕ್ಯಾಲೆಂಡರಿನಲ್ಲಿ 45ನೇ ದಿನಕ್ಕೆ ಗುರುತು ಹಾಕಿ. ಅಷ್ಟರಲ್ಲಿ ಖಾತೆಯಲ್ಲಿ ಆರ್ಡರ್ ದಾಖಲಾಗದಿದ್ದರೆ ಡಬ್ಬ ತೆರೆದು ನೋಡಿ ತಿಳಿಸುವಂತೆ ಕಂಪನಿಗೆ ಬರೆಯಿರಿ.

ಗುಂಪಿನಲ್ಲಿ, ಭಾರತದಿಂದ

ಗ್ರೂಪ್ ಸಬ್‌ಮಿಷನ್ ನಡೆಸುವವರ, ಅಂದರೆ ಹಲವರ ಕಾರ್ಡುಗಳನ್ನು ಒಟ್ಟುಗೂಡಿಸಿ ಗ್ರೇಡಿಂಗ್‌ಗೆ ಕಳಿಸುವವರ ಮೂಲಕ ಕಳಿಸಿದರೆ ನಿಮ್ಮ ಕಾರ್ಡ್ ಪರರ ಪಾರ್ಸೆಲಿನ ಒಂದು ಭಾಗ. ಕ್ಲೇಮ್ ಹಾಕುವ ಹಕ್ಕು ಅವರದು. ಒಟ್ಟು ಎಷ್ಟಕ್ಕೆ ವಿಮೆ, ಅರ್ಧ ಪರಿಹಾರ ಬಂದರೆ ಹೇಗೆ ಹಂಚುತ್ತಾರೆ, ನಿಮ್ಮ ಕಾರ್ಡಿಗೆ ಫಾರ್ಮಿನಲ್ಲಿ ಎಷ್ಟು ಬರೆಯುತ್ತಾರೆ, ಈ ಮೂರಕ್ಕೂ ಬರಹದಲ್ಲಿ ಉತ್ತರ ಕೊಡದವರಿಗೆ ಕಾರ್ಡ್ ಕೊಡಬೇಡಿ.

ಭಾರತದಿಂದ ನೇರವಾಗಿ ಕಳಿಸುವಾಗ ಕಸ್ಟಮ್ಸ್ ಫಾರ್ಮಿನ ಬೆಲೆಯೂ ಸೇರಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಅಂಚೆಯಲ್ಲಿ ವಿಮೆಯ ಮೊತ್ತ ಒಳಗಿನ ವಸ್ತುವಿನ ನಿಜ ಬೆಲೆ ಮೀರುವಂತಿಲ್ಲ. ಸುಂಕ ತಪ್ಪಿಸಲು ಕಸ್ಟಮ್ಸ್‌ಗೆ 20 ಡಾಲರ್, ವಿಮೆಗೆ 1,000 ಎಂದು ಬರೆಯುವುದು ಸುಳ್ಳು ಘೋಷಣೆ, ಕ್ಲೇಮ್ ಕೂಡ ಅಲ್ಲೇ ಬಿದ್ದುಹೋಗುತ್ತದೆ. 800 ಡಾಲರ್ ಒಳಗಿನ ಪಾರ್ಸೆಲಿಗೆ ಅಮೆರಿಕದಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೋಗುವಾಗಿನ ಕಸ್ಟಮ್ಸ್ ಫಾರ್ಮಿನ ಪ್ರತಿ, ಕಾರ್ಡುಗಳ ಫೋಟೊ, ಸಬ್‌ಮಿಷನ್ ಫಾರ್ಮ್ ಒಟ್ಟಿಗೆ ಇಡಿ. ಮರಳಿದ್ದು ಹೊಸ ಖರೀದಿಯಲ್ಲ, ಇಲ್ಲಿಂದಲೇ ಹೋದ ಕಾರ್ಡುಗಳು ಎಂದು ಇಲ್ಲಿನ ಕಸ್ಟಮ್ಸ್‌ಗೆ ತೋರಿಸಲು ಅವು ಬೇಕು.

ಮರಳುವ ಪ್ರಯಾಣ

ನಮ್ಮ ಉದಾಹರಣೆಯಲ್ಲಿ ಘೋಷಿಸಿದ್ದು 420, 110, 1,600, ಒಟ್ಟು 2,130. ಅದೃಷ್ಟ ಒಲಿದು ಅ ಮತ್ತು ಬ ಹತ್ತಕ್ಕೆ, ಕ ಒಂಬತ್ತಕ್ಕೆ ಏರಿದರೆ 1,900, 380, 4,500 ಸೇರಿ 6,780 ಆಗುತ್ತದೆ. ಹಳೆಯ ಅಂಕಿಯ ಮೇಲೇ ಪಾರ್ಸೆಲ್ ಹೊರಟರೆ 4,650 ಡಾಲರಿಗೆ ರಕ್ಷಣೆ ಇರುವುದಿಲ್ಲ. ಗ್ರೇಡ್‌ಗಳು ಖಾತೆಯಲ್ಲಿ ಕಾಣಿಸುವುದಕ್ಕೂ ಪಾರ್ಸೆಲ್ ಹೊರಡುವುದಕ್ಕೂ ನಡುವೆ ಇರುವ ಅವಧಿ ಚಿಕ್ಕದು. ಗ್ರೇಡ್ ಕಂಡ ಕೂಡಲೇ ಹೊಸ ಕಾಂಪ್ಸ್ ನೋಡಿ, ಆರ್ಡರ್ ಸಂಖ್ಯೆ, ಸರ್ಟಿಫಿಕೇಟ್ ಸಂಖ್ಯೆ ಮತ್ತು ಹೊಸ ಮೊತ್ತ ಬರೆದು, ಮರಳುವ ವಿಮೆಯನ್ನು ಏರಿಸುವಂತೆ ಗ್ರಾಹಕ ಸೇವೆಗೆ ಕೇಳಿ. ಹೆಚ್ಚುವರಿ ಶುಲ್ಕ ಹೇಳಿದರೆ ಕಟ್ಟಿ.

ಪಾರ್ಸೆಲ್ ಬಂದಾಗ ಮನೆಯಲ್ಲಿ ಸಹಿ ಹಾಕುವವರು ಇರಲಿ. ತೆರೆಯುವುದನ್ನೂ ವಿಡಿಯೊ ಮಾಡಿ. ಸ್ಲ್ಯಾಬಿನ ಮೂಲೆ ಒಡೆದಿದೆಯೇ, ಒಳಗೆ ಕಾರ್ಡ್ ಸರಿದಿದೆಯೇ, ಲೇಬಲಿನ ಸಂಖ್ಯೆ ಕಂಪನಿಯ ತಾಣದ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಏನಾದರೂ ಕಂಡರೆ ಡಬ್ಬ, ಬಬಲ್ ರ‍್ಯಾಪ್, ಲೇಬಲ್ ಯಾವುದನ್ನೂ ಎಸೆಯದೆ ಅದೇ ದಿನ ಕಂಪನಿಗೆ ಬರೆಯಿರಿ. ಮರಳುವ ಪಾರ್ಸೆಲಿನ ವಿಮೆ ಅವರ ಹೆಸರಿನಲ್ಲಿರುವುದರಿಂದ ಕ್ಲೇಮ್ ಶುರುವಾಗುವುದು ಅವರಿಂದಲೇ, ಅವರು ಕೇಳುವುದು ಆ ಡಬ್ಬದ ಫೋಟೊಗಳನ್ನೇ.